ಇಸಿಜಿ ಆದಮೇಲೂ ಹೋಲ್ಟರ್ ಏಕೆ?

ಪ್ರಶ್ನೆ: ತಂದೆಯವರಿಗೆ ಹೃದಯ ವೈಫಲ್ಯವಿದೆ. ಇಸಿಜಿ ಮಾಡಿಯೂ ಡಾಕ್ಟರು ಹೋಲ್ಟರ್ ಹಾಕಿಸಿ ಎನ್ನುತ್ತಾರೆ. ಎರಡೂ ಒಂದೇ ಅಲ್ಲವೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಎರಡೂ ಹೃದಯದ ವಿದ್ಯುತ್ತನ್ನೇ ದಾಖಲಿಸುತ್ತವೆ, ಆದರೆ ಕಾಲಾವಧಿ ಬೇರೆ. ಮಾಮೂಲಿ ಇಸಿಜಿಯಲ್ಲಿ ಹತ್ತು ವೈರುಗಳಿಂದ ಹನ್ನೆರಡು ನೋಟ ಸಿಗುತ್ತದೆ, ಸುಮಾರು 10 ಸೆಕೆಂಡಿನದು ಮಾತ್ರ. ಹಾಗೆಂದು ಅದನ್ನು ಹಗುರವಾಗಿ ಕಾಣಬೇಡಿ. ಅದರಲ್ಲಿ ಕ್ಯೂಆರ್‌ಎಸ್ ಎಂಬ ಚೂಪು ಅಲೆಯ ಅಗಲ ಸಾಮಾನ್ಯವಾಗಿ 120 ಮಿಲಿಸೆಕೆಂಡಿನೊಳಗಿರುತ್ತದೆ. ಹೃದಯದೊಳಗಿನ ವಿದ್ಯುತ್ ಹಾದಿಯ ಎಡಶಾಖೆಯಲ್ಲಿ ತಡೆಯಾಗಿ ಅದು 150 ದಾಟಿದರೆ ಹೃದಯದ ಎರಡು ಬದಿಗಳು ಹೊಂದಿಕೊಂಡು ಸಂಕುಚಿಸುತ್ತಿಲ್ಲ ಎಂದರ್ಥ. ಪಂಪು ಮಾಡುವ ಬಲವೂ ತೀರಾ ಕುಗ್ಗಿದ್ದರೆ, ಎರಡೂ ಬದಿಯನ್ನು ಜೊತೆಗೂಡಿಸುವ ಸಿಆರ್‌ಟಿ ಪೇಸ್‌ಮೇಕರ್ ಕೆಲವರಿಗೆ ನೆರವಾಗುತ್ತದೆ. ಆ ಬಲವನ್ನು ಅಳೆಯುವುದು ಮಾತ್ರ ಎಕೋ ಎಂಬ ಹೃದಯದ ಸ್ಕ್ಯಾನ್, ಇಸಿಜಿಯಲ್ಲ.

ಬಂದು ಹೋಗುವ ತಾಳತಪ್ಪು 10 ಸೆಕೆಂಡಿಗೆ ಸಿಗಬೇಕಲ್ಲ! ದುರ್ಬಲ ಹೃದಯದಲ್ಲಿ ಅದು ಅಪಾಯಕಾರಿಯೂ ಆಗಬಹುದು. ಅದಕ್ಕೇ 24 ಅಥವಾ 48 ಗಂಟೆ ಮೈಮೇಲಿರುವ ಹೋಲ್ಟರ್. ಅಷ್ಟು ಹೊತ್ತು ಬಹುತೇಕ ಸ್ನಾನವಿಲ್ಲ, ನಮ್ಮ ಹಿರಿಯರಿಗೆ ಇದೇ ದೊಡ್ಡ ಕಷ್ಟ. ಡಾಕ್ಟರು ಬೇಡ ಎನ್ನದಿದ್ದರೆ ತಂದೆಯವರು ಎಂದಿನಂತೆ ಕುಕ್ಕರಹಳ್ಳಿ ಕೆರೆ ಕಡೆ ನಡೆದುಬರಲಿ; ಎದೆ ಡವಗುಟ್ಟಿದರೆ, ತಲೆ ಸುತ್ತಿದರೆ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದಿಡಲಿ. ಆ ಚೀಟಿಯಿಲ್ಲದೆ ವರದಿ ಅರ್ಧಂಬರ್ಧ.

ತೀರಾ ಅಪರೂಪದ ತೊಂದರೆಗೆ ಚರ್ಮದಡಿ ಇಡುವ ಪುಟ್ಟ ಲೂಪ್ ರೆಕಾರ್ಡರ್ ಇದೆ, ವರ್ಷಗಟ್ಟಲೆ ಕಾಯುತ್ತದೆ. ಅಪಾಯದ ತಾಳತಪ್ಪನ್ನು ಶಾಕ್ ಕೊಟ್ಟು ಸರಿಪಡಿಸುವ ಐಸಿಡಿಯನ್ನು ಈಗಾಗಲೇ ಅಳವಡಿಸಿದ್ದರೆ ಆ ಉಪಕರಣವೇ ತಾಳದ ಏರುಪೇರುಗಳನ್ನು ದಾಖಲಿಸುತ್ತಿರುತ್ತದೆ. ಆದರೆ ಪ್ರಜ್ಞೆ ತಪ್ಪಿದರೆ ಹೋಲ್ಟರ್ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ; ಕೆ.ಆರ್.ಎಸ್. ರಸ್ತೆಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ.