ಹರಕೆಯ ಕುರಿಗೆ ಕೋಟಿಗಳ ಹಾರ

2025ರ ಅಕ್ಟೋಬರ್ 12ರಂದು ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ತಂಡದ ಮುಖ್ಯ ತರಬೇತುದಾರ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ಕೆಲಸದಿಂದ ತೆಗೆದುಹಾಕಿತು. ಅಲ್ಲಿ ಅದು ಅವರ ಹನ್ನೆರಡನೆಯ ವರ್ಷ. ಅವರ ಖಾತೆಯಲ್ಲಿ 104 ಗೆಲುವುಗಳಿದ್ದವು, 45 ಸೋಲುಗಳಿದ್ದವು. ಅದೇ ವರ್ಷದ ಜನವರಿಯಲ್ಲಿ ಅವರ ತಂಡ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಸೆಮಿಫೈನಲ್ ಆಡಿತ್ತು. ಹೊಸ ಋತು ಆರಂಭವಾದಾಗ ದೇಶದ ಎರಡನೆಯ ಅತ್ಯುತ್ತಮ ತಂಡವೆಂಬ ಮನ್ನಣೆಯೂ ದೊರೆತಿತ್ತು. ಆಮೇಲೆ ಹದಿನೈದು ದಿನಗಳೊಳಗೆ ಸಾಲಾಗಿ ಮೂರು ಸೋಲುಗಳಾದವು. ಕ್ರೀಡಾಂಗಣದಲ್ಲಿ ಸ್ವಂತ ಅಭಿಮಾನಿಗಳೇ ಅವರನ್ನು ಓಡಿಸಿರೆಂದು ಕೂಗಿದರು. ಮರುದಿನ ಅವರಿಗೆ ಕೆಲಸವಿರಲಿಲ್ಲ.

ಇಷ್ಟೇ ಆಗಿದ್ದರೆ ಕ್ರೀಡಾಪುಟದ ಸುದ್ದಿಯೆಂದು ನಾನೂ ಪುಟ ಮಗುಚುತ್ತಿದ್ದೆ. ಆದರೆ ಒಪ್ಪಂದದ ಪ್ರಕಾರ ಅವರನ್ನು ಕಳಿಸುವುದಕ್ಕಾಗಿಯೇ ವಿಶ್ವವಿದ್ಯಾಲಯ ಐದು ಕೋಟಿ ಡಾಲರ್‌ಗೆ ಸಮೀಪದ ಹೊಣೆ ಹೊರಬೇಕಿತ್ತು. ಕೆಲವೇ ವಾರಗಳಲ್ಲಿ ಅವರಿಗೆ ವರ್ಜೀನಿಯಾ ಟೆಕ್‌ನಲ್ಲಿ ಹೊಸ ಕೆಲಸ ಸಿಕ್ಕಿದ್ದರಿಂದ ಅದು 90 ಲಕ್ಷ ಡಾಲರ್‌ಗೆ ಇಳಿಯಿತು ಎಂಬುದು ಬೇರೆ ಮಾತು. ವಿದ್ಯೆಯನ್ನು ಹಂಚಲೆಂದು ಸ್ಥಾಪಿತವಾದ ಸಂಸ್ಥೆಯೊಂದು, ಒಬ್ಬ ವ್ಯಕ್ತಿ ಕೆಲಸ ಮಾಡದೇ ಇರಲೆಂದು ಇಷ್ಟು ಹಣ ಕೊಡಲು ಸಿದ್ಧವಾಗುವುದಾದರೂ ಏಕೆ? ನನ್ನನ್ನು ಕಾಡಿದ ಪ್ರಶ್ನೆ ಇದು.

ನಮ್ಮಲ್ಲಿ ಕಾಲೇಜು ಕ್ರೀಡೆಯೆಂದರೆ ವರ್ಷಕ್ಕೊಮ್ಮೆ ನಡೆಯುವ ಕ್ರೀಡಾಕೂಟ, ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕರು, ಬೀಗ ಜಡಿದ ಒಂದು ಕೋಣೆಯಲ್ಲಿ ಹಳೆಯ ನೆಟ್ಟು. ಅಮೆರಿಕದ ಚಿತ್ರವೇ ಬೇರೆ. ಪೆನ್ ಸ್ಟೇಟ್, ಮಿಷಿಗನ್, ಟೆಕ್ಸಾಸ್ ಎ ಅಂಡ್ ಎಂ ಮೊದಲಾದವು ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಲ್ಲ ಕ್ರೀಡಾಂಗಣಗಳನ್ನು ಹೊಂದಿರುವ ವಿಶ್ವವಿದ್ಯಾಲಯಗಳು. ಅಲ್ಲಿ ಆಡುವುದು ಕಾಲಿನಿಂದ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಶಿರಸ್ತ್ರಾಣ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಹಿಡಿದು, ಮೈಗೆ ಮೈ ಡಿಕ್ಕಿ ಹೊಡೆಯುವ ಅಮೆರಿಕನ್ ಆಟ. ಅನೇಕ ರಾಜ್ಯಗಳಲ್ಲಿ ಸರ್ಕಾರಿ ವೇತನ ಪಡೆಯುವವರ ಪೈಕಿ ಅತಿ ಹೆಚ್ಚು ಸಂಬಳ ಎಣಿಸುವವರು ರಾಜ್ಯಪಾಲರೂ ಅಲ್ಲ, ಕುಲಪತಿಯೂ ಅಲ್ಲ. ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತರಬೇತುದಾರರು. ನಮ್ಮ ಮಕ್ಕಳು ಎಂ.ಎಸ್. ಪದವಿಗೆಂದು ಸಾಲ ಮಾಡಿಕೊಂಡು ಹೋಗುವ ವಿಶ್ವವಿದ್ಯಾಲಯಗಳಲ್ಲಿ ಹಲವು ಇವೇ ಆಗಿವೆ.

ತರಬೇತುದಾರನ ಹುದ್ದೆ ಮೊದಲಿನಿಂದಲೂ ಹೀಗೆ ಗಾಳಿಯಲ್ಲಿಟ್ಟ ದೀಪವಾಗಿರಲಿಲ್ಲ. 1892ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಏಮಸ್ ಅಲಾಂಜೊ ಸ್ಟ್ಯಾಗ್ ಎಂಬುವರನ್ನು ನೇಮಿಸಿಕೊಂಡಾಗ, ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಅವರಿಗೆ ಅಧ್ಯಾಪಕರ ಸ್ಥಾನವನ್ನೂ ಅಧ್ಯಾಪಕರಿಗಿದ್ದ ಸೇವಾಭದ್ರತೆಯನ್ನೂ ನೀಡಿದ್ದರು. ಒಂದು ಶನಿವಾರದ ಸೋಲು ಅವರ ಅನ್ನಕ್ಕೆ ಕಲ್ಲು ಹಾಕುವಂತಿರಲಿಲ್ಲ. ನಲವತ್ತು ವರ್ಷ ಅಲ್ಲಿದ್ದ ಅವರನ್ನು ಕಡೆಗೆ ಬಿಡಿಸಿದ್ದು ನಿವೃತ್ತಿಯ ವಯಸ್ಸು. ತರಬೇತುದಾರನೂ ಒಬ್ಬ ಶಿಕ್ಷಕ ಎಂಬ ಆ ಭಾವನೆ ಕಾಲಕ್ರಮದಲ್ಲಿ ಕರಗಿತು. ಟೆಲಿವಿಷನ್ ಹಣ ಹರಿದುಬಂದಂತೆ ಸಂಬಳ ಏರಿತು, ಸಹನೆ ಇಳಿಯಿತು.

ಸಹನೆ ಇಳಿದಾಗ ಏನಾಗುತ್ತದೆಂಬುದಕ್ಕೆ ನೆಬ್ರಾಸ್ಕ ವಿಶ್ವವಿದ್ಯಾಲಯದ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಜೋಳದ ಹೊಲಗಳ ಆ ವಿಶಾಲ ರಾಜ್ಯದಲ್ಲಿ ದೊಡ್ಡ ವೃತ್ತಿಪರ ಲೀಗುಗಳ ತಂಡ ಒಂದೂ ಇಲ್ಲ. ಪಂದ್ಯದ ದಿನ ಲಿಂಕನ್ ನಗರದ ಕ್ರೀಡಾಂಗಣವೇ ರಾಜ್ಯದ ಮೂರನೆಯ ದೊಡ್ಡ ಊರಾಗುತ್ತದೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಟಾಮ್ ಆಸ್ಬಾರ್ನ್ 1973ರಿಂದ 1997ರವರೆಗೆ ತಂಡವನ್ನು ನಡೆಸಿ, 255 ಪಂದ್ಯಗಳನ್ನು ಗೆದ್ದು, ಮೂರು ರಾಷ್ಟ್ರೀಯ ಪ್ರಶಸ್ತಿಗಳೊಂದಿಗೆ ನಿವೃತ್ತರಾದರು. ಅವರ ಉತ್ತರಾಧಿಕಾರಿಯಾದ ಫ್ರಾಂಕ್ ಸಾಲಿಚ್ ಅದೇ ತಂಡದಲ್ಲಿ ಆಡಿದವರು, ಅಲ್ಲೇ ಹತ್ತೊಂಬತ್ತು ವರ್ಷ ಸಹಾಯಕರಾಗಿ ದುಡಿದವರು. 1999ರಲ್ಲಿ ಅವರು ಪ್ರಾದೇಶಿಕ ಲೀಗಿನ ಪ್ರಶಸ್ತಿ ಗೆದ್ದರು. 2001ರ ಋತುವಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯಕ್ಕೇ ತಂಡವನ್ನು ಕೊಂಡೊಯ್ದರು. 2002ರಲ್ಲಿ ಏಳು ಗೆಲುವು, ಏಳು ಸೋಲು. 2003ರಲ್ಲಿ ಚೇತರಿಸಿಕೊಂಡು ಒಂಬತ್ತು ಗೆದ್ದು ಮೂರು ಸೋತರು. ಆ ನವೆಂಬರ್‌ನಲ್ಲೇ ಅವರನ್ನು ವಜಾ ಮಾಡಲಾಯಿತು. ತಂಡ ಸಾಧಾರಣತೆಯತ್ತ ಜಾರಲು ತಾನು ಬಿಡುವುದಿಲ್ಲವೆಂದು ಅಂದಿನ ಕ್ರೀಡಾ ನಿರ್ದೇಶಕ ಸ್ಟೀವ್ ಪೆಡರ್ಸನ್ ಸಮರ್ಥಿಸಿಕೊಂಡರು.

ಮುಂದಿನದನ್ನು ಕಾಲವೇ ಹೇಳಿತು. ಹೊಸಬ ಬಿಲ್ ಕ್ಯಾಲಹನ್ ಅವರ ಮೊದಲ ವರ್ಷವೇ ತಂಡ ಐದು ಗೆದ್ದು ಆರು ಸೋತಿತು. 2007ರಲ್ಲಿ ಪೆಡರ್ಸನ್, ಕ್ಯಾಲಹನ್ ಇಬ್ಬರೂ ಮನೆಗೆ ನಡೆದರು. ಬಳಿಕ ಬಂದ ಬೋ ಪೆಲಿನಿ ಏಳು ವರ್ಷಗಳಲ್ಲಿ ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ. ಅದೂ ಸಾಲದೆ 2014ರಲ್ಲಿ ಅವರೂ ಹೊರಬಿದ್ದರು. ಮೈಕ್ ರೈಲಿ ಮೂರು ವರ್ಷ ಉಳಿದರು. 1997ರ ಚಾಂಪಿಯನ್ ತಂಡದ ನಾಯಕ ಆಟಗಾರ, ಊರಿನ ಮಗ ಸ್ಕಾಟ್ ಫ್ರಾಸ್ಟ್ ಬಂದಾಗ ಹಬ್ಬದ ವಾತಾವರಣವಿತ್ತು. 16 ಗೆಲುವು 31 ಸೋಲುಗಳ ನಂತರ 2022ರ ಸೆಪ್ಟೆಂಬರ್‌ನಲ್ಲಿ ಅವರನ್ನೂ ಕಳಿಸಲಾಯಿತು. ಇನ್ನು ಮೂರು ವಾರ ಕಾದಿದ್ದರೆ ಅವರಿಗೆ ಕೊಡಬೇಕಾದ ಒಂದೂವರೆ ಕೋಟಿ ಡಾಲರ್ ಅರ್ಧಕ್ಕಿಳಿಯುತ್ತಿತ್ತು. ಅಷ್ಟು ತಾಳ್ಮೆಯೂ ಇರಲಿಲ್ಲ. ಇತ್ತ ಸಾಲಿಚ್, ಒಹಾಯೊ ವಿಶ್ವವಿದ್ಯಾಲಯವೆಂಬ ಚಿಕ್ಕ ತಂಡಕ್ಕೆ ಹೋಗಿ ಹದಿನಾರು ಋತು ನೆಮ್ಮದಿಯಿಂದ ದುಡಿದರು. 2023ರಲ್ಲಿ ನೆಬ್ರಾಸ್ಕ ಅವರನ್ನು ಮರಳಿ ಕರೆದು ಗೌರವಿಸಿತು. ಸಾಧಾರಣರೆಂದು ಹೊರಗಟ್ಟಿದ ಅವರು 1999ರಲ್ಲಿ ಗೆದ್ದುಕೊಟ್ಟ ಲೀಗ್ ಪ್ರಶಸ್ತಿಯೇ ಆ ವಿಶ್ವವಿದ್ಯಾಲಯದ ಕೊನೆಯ ಲೀಗ್ ಪ್ರಶಸ್ತಿ.

ಪಕ್ಕದ ಅಯೊವಾ ರಾಜ್ಯದತ್ತ ಕಣ್ಣು ಹಾಯಿಸಿ. ಅದೇ 1999ರಲ್ಲಿ ಅಲ್ಲಿ ಕರ್ಕ್ ಫೆರೆಂಟ್ಸ್ ಅಧಿಕಾರ ವಹಿಸಿಕೊಂಡರು. ಮೊದಲ ವರ್ಷ ಒಂದೇ ಗೆಲುವು, ಹತ್ತು ಸೋಲು. ಎರಡನೆಯ ವರ್ಷ ಮೂರು ಗೆಲುವು, ಒಂಬತ್ತು ಸೋಲು. ಇಂದಿನ ಮಾನದಂಡದಲ್ಲಿ ಅವರು ಮೂರನೆಯ ವರ್ಷ ಕಾಣುತ್ತಿರಲಿಲ್ಲ. ಆಡಳಿತ ಅವರ ಬೆನ್ನಿಗೆ ನಿಂತಿತು. 2002ರಲ್ಲಿ ತಂಡ ಹನ್ನೊಂದು ಪಂದ್ಯ ಗೆದ್ದಿತು. 2025ರ ಋತುವಿನಲ್ಲೂ ಅದೇ ಫೆರೆಂಟ್ಸ್ ಅದೇ ತಂಡದ ಅಂಚಿನಲ್ಲಿ ನಿಂತಿದ್ದರು.

ಎರಡು ಉದಾಹರಣೆಗಳಿಂದ ಸಿದ್ಧಾಂತ ಕಟ್ಟಬಾರದು ಎನ್ನುವವರಿಗೆ ಒಂದು ಅಧ್ಯಯನವನ್ನು ನೆನಪಿಸುತ್ತೇನೆ. ರಾಜ್ಯಶಾಸ್ತ್ರಜ್ಞರಾದ ಆಡ್ಲರ್, ಬೆರಿ ಮತ್ತು ಡಾಹರ್ಟಿ 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ತರಬೇತುದಾರನನ್ನು ಬದಲಿಸಿದ ತಂಡಗಳನ್ನು ಅಂಥದೇ ಸ್ಥಿತಿಯಲ್ಲಿದ್ದು ಬದಲಿಸದ ತಂಡಗಳೊಂದಿಗೆ ಹೋಲಿಸಿ ನೋಡಿದರು. ತೀರಾ ಕಳಪೆಯಾಗಿದ್ದ ತಂಡಗಳಿಗೆ ಬದಲಾವಣೆಯಿಂದ ಹೇಳಿಕೊಳ್ಳುವ ಲಾಭವಾಗಲಿಲ್ಲ. ಮಧ್ಯಮ ಮಟ್ಟದ ತಂಡಗಳು ಬದಲಾವಣೆಯ ನಂತರ ಇನ್ನಷ್ಟು ಕುಸಿದವು. ಹಾಗಿದ್ದೂ ಪ್ರತಿ ಚಳಿಗಾಲ ಈ ಬಲಿ ನಿಂತಿಲ್ಲ. ಮಳೆ ಬರಲೆಂದು ಕುರಿ ಕಡಿಯುವವರಿಗೆ ಹವಾಮಾನ ವರದಿ ಓದಿ ಹೇಳಿದಂತೆ ಇದು.

ಈ ಕುರಿಗೆ ಕೊರಳಲ್ಲಿ ಕೋಟಿಗಳ ಹಾರವಿದೆ, ನಿಜ. ಅಭಿಮಾನಿಗಳು ಅಸಹನೆಗೊಂಡಷ್ಟೂ ತರಬೇತುದಾರರ ಏಜೆಂಟರು ಒಪ್ಪಂದಗಳಲ್ಲಿ ಭದ್ರತೆಯ ಬೇಲಿ ಎತ್ತರಿಸುತ್ತ ಬಂದರು. ಒಂದು ಒಳ್ಳೆಯ ಋತು ಮುಗಿಯುತ್ತಿದ್ದಂತೆ, ಇವರನ್ನು ಬೇರೆಯವರು ಸೆಳೆದುಕೊಂಡಾರೆಂಬ ಭಯದಿಂದ ವಿಶ್ವವಿದ್ಯಾಲಯ ಒಪ್ಪಂದವನ್ನು ವಿಸ್ತರಿಸುತ್ತದೆ. ಎರಡು ವರ್ಷದ ಬಳಿಕ ಅದೇ ಕಾಗದ ಕುತ್ತಿಗೆಗೆ ಉರುಳಾಗುತ್ತದೆ. ಟೆಕ್ಸಾಸ್ ಎ ಅಂಡ್ ಎಂ 2021ರಲ್ಲಿ ಜಿಂಬೊ ಫಿಷರ್ ಅವರ ಒಪ್ಪಂದವನ್ನು ವಿಸ್ತರಿಸಿತು. 2023ರ ನವೆಂಬರ್‌ನಲ್ಲಿ, ಅವರ ತಂಡ 51–10ರಿಂದ ಗೆದ್ದ ಮರುದಿನವೇ, ಸುಮಾರು ಏಳೂವರೆ ಕೋಟಿ ಡಾಲರ್‌ಗೂ ಮಿಕ್ಕ ಹೊಣೆ ಹೊತ್ತು ಅವರನ್ನು ಕಳಿಸಿತು. ಆಗಿನ ದರದಲ್ಲಿ ಅದು ಆರುನೂರು ಕೋಟಿ ರೂಪಾಯಿಗೂ ಹೆಚ್ಚು. 2025ರ ಅಕ್ಟೋಬರ್‌ನಲ್ಲಿ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ ಬ್ರಯನ್ ಕೆಲಿ ಅವರನ್ನು ಸುಮಾರು ಐದೂವರೆ ಕೋಟಿ ಡಾಲರ್ ಹೊಣೆಯೊಂದಿಗೆ ತೆಗೆದಾಗ, ರಾಜ್ಯದ ರಾಜ್ಯಪಾಲರೇ ಇಂಥ ಒಪ್ಪಂದಗಳನ್ನು ಬಹಿರಂಗವಾಗಿ ಟೀಕಿಸಿದರು. ಫಿಷರ್ ಅವರನ್ನು 2017ರಲ್ಲಿ, ಕೆಲಿ ಅವರನ್ನು 2021ರಲ್ಲಿ ನೇಮಿಸಿದ ಕ್ರೀಡಾ ನಿರ್ದೇಶಕ ಒಬ್ಬರೇ, ಸ್ಕಾಟ್ ವುಡ್‌ವರ್ಡ್. ಕೆಲವೇ ದಿನಗಳಲ್ಲಿ ಅವರೂ ಹುದ್ದೆ ತೊರೆದರು.

ಇಷ್ಟು ಹಣ ಪಡೆಯುವವರಿಗಾಗಿ ನಾವು ಕಣ್ಣೀರು ಹಾಕಬೇಕಾಗಿಲ್ಲ. ಅವರೂ ನಿಷ್ಠೆಯ ಮೂರ್ತಿಗಳೇನಲ್ಲ. ಕೆಲಿ ಅವರ ಜಾಗಕ್ಕೆ ಬಂದ ಲೇನ್ ಕಿಫಿನ್, ತಮ್ಮ ಮಿಸಿಸಿಪಿ ತಂಡ ರಾಷ್ಟ್ರೀಯ ಪ್ರಶಸ್ತಿಗಾಗಿ ಸೆಣಸಬೇಕಿದ್ದ ಹೊತ್ತಿನಲ್ಲೇ ಅದನ್ನು ಬಿಟ್ಟು ನಡೆದವರು. ನನ್ನ ಮರುಕ ಇರುವುದು ಹಾರವಿಲ್ಲದವರ ಬಗ್ಗೆ. ಮುಖ್ಯ ತರಬೇತುದಾರ ಹೋದರೆ ಅವರ ಸಹಾಯಕರು, ವಿಡಿಯೊ ವಿಶ್ಲೇಷಕರು, ವ್ಯಾಯಾಮ ಶಿಕ್ಷಕರಲ್ಲಿ ಅನೇಕರು ಜತೆಗೇ ಬೀದಿಗೆ ಬೀಳುತ್ತಾರೆ. ಶಾಲಾ ವರ್ಷದ ನಡುವೆ ಮಕ್ಕಳನ್ನು ಕಟ್ಟಿಕೊಂಡು ಬೇರೆ ರಾಜ್ಯಕ್ಕೆ ಗುಳೆ ಹೊರಡುತ್ತಾರೆ. ಒಬ್ಬ ಗುರುವನ್ನು ನಂಬಿ ಆ ಕಾಲೇಜಿಗೆ ಸೇರಿದ ಹತ್ತೊಂಬತ್ತರ ಹುಡುಗ ಮತ್ತೊಬ್ಬ ಅಪರಿಚಿತನ ಲೆಕ್ಕಾಚಾರದಲ್ಲಿ ಒಂದು ಅಂಕಿಯಾಗುತ್ತಾನೆ. ಆಟಗಾರರಿಗೆ ಹಣ ಕೊಡಲು ದುಡ್ಡೆಲ್ಲಿದೆ ಎಂದು ದಶಕಗಳ ಕಾಲ ಕೈಚೆಲ್ಲಿದ್ದ ವಿಶ್ವವಿದ್ಯಾಲಯಗಳು, ನ್ಯಾಯಾಲಯದ ಒಪ್ಪಂದದ ಬಳಿಕ 2025ರಲ್ಲಷ್ಟೇ ಅವರೊಂದಿಗೆ ನೇರವಾಗಿ ವರಮಾನ ಹಂಚಿಕೊಳ್ಳಲಾರಂಭಿಸಿದವು. ತರಬೇತುದಾರರನ್ನು ಓಡಿಸಲು ಮಾತ್ರ ಅವುಗಳ ಬಳಿ ಯಾವತ್ತೂ ದುಡ್ಡಿತ್ತು.

ಎಲ್ಲಕ್ಕೂ ಅಭಿಮಾನಿಗಳೇ ಕಾರಣವೆಂದು ಆಡಳಿತಗಾರರು ಬೊಟ್ಟು ಮಾಡುತ್ತಾರೆ. ಅಭಿಮಾನದಲ್ಲಿ ವಿಕಾರವಿಲ್ಲವೆಂದು ನಾನು ಹೇಳಲಾರೆ. 1988ರಲ್ಲಿ ಅಲಬಾಮದ ತರಬೇತುದಾರ ಬಿಲ್ ಕರಿ ಒಂದು ಪಂದ್ಯ ಸೋತಾಗ ಅವರ ಕಚೇರಿಯ ಕಿಟಕಿಗೆ ಇಟ್ಟಿಗೆ ತೂರಿಬಂದಿತ್ತು. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ಅಭಿಮಾನಿಯ ಅಹವಾಲಿನಲ್ಲೂ ಹುರುಳಿದೆ. ಒಳ್ಳೆಯ ಆಸನದ ಟಿಕೆಟ್ ಕೊಳ್ಳುವ ಹಕ್ಕಿಗಾಗಿಯೇ ಅವನು ಮೊದಲು ಸಂಸ್ಥೆಗೆ ದೇಣಿಗೆ ಕೊಡಬೇಕು. 2017ರ ತೆರಿಗೆ ಕಾನೂನು ಬರುವವರೆಗೆ ಆ ದೇಣಿಗೆಯ ಶೇ 80ರಷ್ಟಕ್ಕೆ ತೆರಿಗೆ ವಿನಾಯಿತಿಯೂ ಇತ್ತು. ಅವನನ್ನು ಹೂಡಿಕೆದಾರನಂತೆ ನಡೆಸಿಕೊಂಡು, ಅವನು ಲಾಭ ಕೇಳಿದಾಗ ಸಹನೆಯಿಲ್ಲದವನೆಂದು ಜರೆಯುವುದು ನ್ಯಾಯವಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನೆಬ್ರಾಸ್ಕದಲ್ಲಿ 1962ರಿಂದೀಚೆಗೆ ತವರಿನ ಪ್ರತಿ ಪಂದ್ಯದ ಟಿಕೆಟ್‌ಗಳೂ ಮಾರಾಟವಾಗಿವೆ. ಬರಗಾಲದ ವರ್ಷಗಳಲ್ಲಿ ಉಳಿದ ಟಿಕೆಟ್‌ಗಳನ್ನು ದಾನಿಗಳು ಕೊಂಡು ದಾಖಲೆ ಕಾಪಾಡಿದ್ದೂ ಉಂಟು. ಆದರೂ ಸೋಲಿನ ಮೇಲೆ ಸೋಲು ಕಂಡ ಆ ವರ್ಷಗಳಲ್ಲೂ ಜನ ಕೆಂಪು ಅಂಗಿ ತೊಟ್ಟು, ಮಕ್ಕಳನ್ನು ಕರೆದುಕೊಂಡು ಬರುತ್ತಲೇ ಇದ್ದರು. ತಲೆದಂಡವಾಗದಿದ್ದರೆ ಜನ ದೂರವಾಗುತ್ತಾರೆಂಬ ವಾದಕ್ಕೆ ಆ ಗ್ಯಾಲರಿಗಳೇ ಉತ್ತರ. ಅಸಹನೆ ಹೆಚ್ಚಾಗಿರುವುದು ದೊಡ್ಡ ಚೆಕ್ಕು ಬರೆಯುವ ಕೆಲವೇ ದಾನಿಗಳಲ್ಲಿ, ಮತ್ತು ತಮ್ಮ ಕುರ್ಚಿ ಉಳಿಯಬೇಕಾದರೆ ಮತ್ತೊಬ್ಬರ ಕುರ್ಚಿ ಹೋಗಬೇಕೆಂದು ಬಲ್ಲ ಆಡಳಿತಗಾರರಲ್ಲಿ. ಕೂಗುವ ಸಾವಿರ ಗಂಟಲುಗಳು ಅವರಿಗೆ ಒಳ್ಳೆಯ ನೆಪ.

ಈ ಪಿಡುಗಿಗೆ ಬೇಸತ್ತು ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್ 1939ರಲ್ಲಿ ದೊಡ್ಡ ಮಟ್ಟದ ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟರು. ಅದರಿಂದ ಆ ಸಂಸ್ಥೆಯ ಕೀರ್ತಿಯೇನೂ ಕುಂದಲಿಲ್ಲ. ಆದರೆ ಅಂಥ ವೈರಾಗ್ಯವನ್ನು ನಾನು ಬೋಧಿಸಲಾರೆ. ಆಟ ಒಂದು ಸೀಮೆಯ ಜನರನ್ನು ಬೆಸೆಯುವ ಪರಿ ಸುಲಭದಲ್ಲಿ ಬೇರೆ ಯಾವುದರಿಂದಲೂ ಸಿಗುವಂಥದ್ದಲ್ಲ. ನನ್ನ ಬೇಡಿಕೆ ಚಿಕ್ಕದು. ಒಂದು ಒಳ್ಳೆಯ ಋತುವಿನ ಅಮಲಿನಲ್ಲಿ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕುವವರು ಅದರ ಲೆಕ್ಕವನ್ನು ಸಾರ್ವಜನಿಕರ ಮುಂದಿಡಲಿ. ಮುಖ್ಯ ತರಬೇತುದಾರನ ಬೇಲಿಯ ಎತ್ತರವನ್ನು ಒಂದಿಷ್ಟು ತಗ್ಗಿಸಿ, ಆ ಹಣದಲ್ಲಿ ಅವನ ಕೆಳಗಿನವರಿಗೆ ಒಂದು ವರ್ಷದ ಸಂಬಳದ ಖಾತರಿ ಕೊಡಲಿ. ಒಬ್ಬನನ್ನು ತೆಗೆಯುವ ಮೊದಲು ಅವನಿಗಿಂತ ಉತ್ತಮನಾದವನು ಯಾರು, ಅವನು ಬರುವನೇ ಎಂಬ ಪ್ರಶ್ನೆಗೆ ಲಿಖಿತ ಉತ್ತರವಿರಲಿ. 2003ರ ಆ ನವೆಂಬರ್‌ನಲ್ಲಿ ಲಿಂಕನ್ ನಗರದಲ್ಲಿ ಯಾರಾದರೂ ಈ ಕೊನೆಯ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದ್ದರೆ, ಸಾಲಿಚ್ ಅವರನ್ನು ಗೌರವಿಸಲು ಇಪ್ಪತ್ತು ವರ್ಷ ಬೇಕಾಗುತ್ತಿರಲಿಲ್ಲ.