ಕಿವಿ ನಂಬಿದರೆ ವಿಮಾನ ಸಿಗದು

1996ರಿಂದ ಯಲಹಂಕ ವಾಯುನೆಲೆಯಲ್ಲಿ ನಡೆದುಬಂದಿರುವ ಏರೋ ಇಂಡಿಯಾ ನೋಡಲು ಮೊಮ್ಮಗಳನ್ನು ಕರೆದೊಯ್ದಿದ್ದೆ. ಕ್ಯಾಮೆರಾ ಅವಳ ಕೈಯಲ್ಲಿ. ಮೊದಲ ಹತ್ತು ಚಿತ್ರಗಳಲ್ಲೂ ಬರೀ ನೀಲಿ ಆಕಾಶ! "ತಾತ, ಸದ್ದು ಬಂದ ಕಡೆಗೇ ಹಿಡಿದ್ನಲ್ಲಾ?" ಎಂದವಳ ಕಣ್ಣಲ್ಲಿ ನೀರು.

ತಪ್ಪು ಅಲ್ಲೇ ಇತ್ತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಂದು ಕಿಲೋಮೀಟರ್ ದೂರದ ತೇಜಸ್ ವಿಮಾನದ ಸದ್ದು ನಮ್ಮ ಕಿವಿ ಮುಟ್ಟಲು ಸುಮಾರು ಮೂರು ಸೆಕೆಂಡು ಬೇಕು. ವಿಮಾನದ ವೇಗ ಗಂಟೆಗೆ 720 ಕಿ.ಮೀ. ಎಂದಿಟ್ಟುಕೊಂಡರೆ, ಅಷ್ಟರಲ್ಲಿ ಅದು 600 ಮೀಟರ್ ಮುಂದೆ ಹೋಗಿರುತ್ತದೆ. (ಮಕ್ಕಳೇ, ನೀವೇ ಲೆಕ್ಕ ಹಾಕಿ ನೋಡಿ.)

ಕೆಲಸ ಹಂಚಿಕೊಂಡೆವು. ಹುಡುಕುವ ಕಣ್ಣು ನನ್ನದು, ಒತ್ತುವ ಬೆರಳು ಅವಳದು. ವಿಮಾನ ದೂರದಲ್ಲಿ ಚುಕ್ಕೆಯಾಗಿದ್ದಾಗಲೇ ಚೌಕಟ್ಟಿನೊಳಗೆ ಹಿಡಿಯಬೇಕು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಸೊಂಟದಿಂದ ತಿರುಗುತ್ತಾ ಗುಂಡಿ ಒತ್ತಬೇಕು. ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು. ಶಟರ್ ವೇಗ ಸೆಕೆಂಡಿನ 1/1000 ಭಾಗ, ಇನ್ನೂ ಚುರುಕಾದರೆ ಒಳ್ಳೆಯದೇ. ಹೆಲಿಕಾಪ್ಟರಿಗೆ ಮಾತ್ರ ಈ ಲೆಕ್ಕ ಬೇಡ. ತಲೆಯ ಮೇಲಿನ ರೆಕ್ಕೆಗಳು ನಿಂತೇಹೋದಂತೆ ಕಂಡು, ದಾರಕ್ಕೆ ತೂಗುಹಾಕಿದ ಆಟಿಕೆಯಾಗಿಬಿಡುತ್ತದೆ! ಅದಕ್ಕೆ 1/125 ಸಾಕು. ಸೂರ್ಯನ ಕಡೆಗಂತೂ ಕ್ಯಾಮೆರಾ ತಿರುಗಿಸಲೇಬಾರದು, ಕಣ್ಣಿಗೆ ಅಪಾಯ.

ಮಧ್ಯಾಹ್ನ ಸೂರ್ಯಕಿರಣ್ ತಂಡದ ಒಂಬತ್ತು ಹಾಕ್ ವಿಮಾನಗಳು ಬಂದವು. "ಬಲಗಡೆ, ಮರದ ಮೇಲೆ!" ಎಂದೆ. ಅವಳು ತಿರುಗಿದಳು, ಒತ್ತಿದಳು. ಮನೆಗೆ ಬಂದು ಎಣಿಸಿದರೆ ಎಂಟೇ. ಒಂಬತ್ತನೆಯದರ ಬಾಲ ಮಾತ್ರ ಅಂಚಿನಲ್ಲಿತ್ತು. ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿಕೊಂಡಿದ್ದಾಳೆ.