ಮಗನ ಹೋಂವರ್ಕಿನಿಂದ ಅಮ್ಮನ ಎಂ.ಎ.ವರೆಗೆ

ಕುಕ್ಕರ್ ಮೂರನೇ ಸಲ ಕೂಗುವ ಹೊತ್ತಿಗೆ ಸರಿಯಾಗಿ ಮಗ ಪುಸ್ತಕ ಹಿಡಿದು ಅಡುಗೆಮನೆ ಬಾಗಿಲಿಗೆ ಬರುತ್ತಾನೆ. 'ಅಮ್ಮಾ, ನಾಳೆ ಐದು ಥರದ ಎಲೆ ತಂದು ಅಂಟಿಸ್ಬೇಕಂತೆ.' ನಿಮ್ಮ ಮನೆಯಲ್ಲೂ ಇದೇ ಕಥೆ ತಾನೆ? ಮಹಡಿ ಮನೆಯವರ ಕುಂಡಕ್ಕೆ ಕೈ ಹಾಕುತ್ತಾ 'ಇದನ್ನೆಲ್ಲ ಯಾರಪ್ಪಾ ತೀರ್ಮಾನ ಮಾಡೋದು?' ಅಂತ ಒಮ್ಮೆಯಾದರೂ ಗೊಣಗಿರುತ್ತೀರಿ. ಆ ಗೊಣಗಾಟವನ್ನೇ ಸಂಶೋಧನೆಯ ವಿಷಯ ಮಾಡಿಕೊಂಡು ಎಂ.ಎ. ಮುಗಿಸಬಹುದು ಅಂದರೆ ನಂಬುತ್ತೀರಾ?

ಪಠ್ಯಕ್ರಮ ಅಧ್ಯಯನ ಅಂದರೆ ಹೆಚ್ಚೂಕಡಿಮೆ ಅದೇ. ಏನು ಕಲಿಸಬೇಕು, ಯಾಕೆ ಕಲಿಸಬೇಕು, ಯಾವುದನ್ನು ಬಿಡಬೇಕು, ಅದನ್ನು ನಿರ್ಧರಿಸುವವರು ಯಾರು? ಅಮೆರಿಕದ ರಾಲ್ಫ್ ಟೈಲರ್ 1949ರಲ್ಲಿ ಒಂದು ಸಣ್ಣ ಪುಸ್ತಕ ಬರೆದು ಈ ವಿಷಯಕ್ಕೆ ನಾಲ್ಕು ಮೂಲ ಪ್ರಶ್ನೆ ಹಾಕಿಕೊಟ್ಟರು. 1968ರಲ್ಲಿ ಫಿಲಿಪ್ ಜಾಕ್ಸನ್, ಪುಸ್ತಕದಲ್ಲಿ ಇಲ್ಲದಿದ್ದರೂ ಶಾಲೆ ಕಲಿಸುವ ಸಂಗತಿಗಳಿಗೆ 'ಗುಪ್ತ ಪಠ್ಯಕ್ರಮ' ಎಂದು ಹೆಸರಿಟ್ಟರು. ಸಾಲಿನಲ್ಲಿ ನಿಲ್ಲುವುದು, ಕಾಯುವುದು, ಸುಮ್ಮನಿರುವುದು ಎಲ್ಲ ಅದರಲ್ಲೇ ಬರುತ್ತೆ. ಅಷ್ಟು ದೂರ ಯಾಕೆ, 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ 'ನಲಿ-ಕಲಿ' ಕೂಡ ಪಠ್ಯಕ್ರಮದ ಕೆಲಸವೇ. ಒಂದೇ ಕೋಣೆಯ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು.

ನನಗೆ ಇದರ ರುಚಿ ಹತ್ತಿಸಿದ್ದು ಎದುರುಮನೆ ಅಕ್ಕ. ಅವರದ್ದೂ ನನ್ನ ಹಾಗೇ ಬರೀ ಬಿ.ಎ. ನಲವತ್ತು ದಾಟಿದ ಮೇಲೆ ಇಗ್ನೋದಲ್ಲಿ ಎಂ.ಎ. ಎಜುಕೇಶನ್‌ಗೆ ಸೇರಿದರು. ಅವರ ಅತ್ತೆ 'ಈ ವಯಸ್ಸಲ್ಲಿ ಓದಿ ಯಾವ ಕಚೇರಿಗೆ ಹೋಗ್ಬೇಕು?' ಅಂದರಂತೆ. ಮಧ್ಯಾಹ್ನ ನಾವೆಲ್ಲ ಧಾರಾವಾಹಿ ಹಾಕಿಕೊಂಡು ಕೂತರೆ ಅಕ್ಕ ಡೈನಿಂಗ್ ಟೇಬಲ್ ಒರೆಸಿ ಓದಲು ಕೂರುತ್ತಿದ್ದರು. ಮೊದಲ ವರ್ಷ ಹೇಗೋ ಕಳೀತು. ಪ್ರಬಂಧದ ಹತ್ತಿರ ಬಂದಾಗ ಮಾತ್ರ ಗಾಡಿ ನಿಂತೇ ಹೋಯಿತು. ಅವರು ಆರಿಸಿದ್ದ ವಿಷಯ 'ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ಮಹಿಳೆ'. ಮಾರ್ಗದರ್ಶಕರು 'ಇದು ಹತ್ತು ಜನರಿಗೆ ಆಗುವಷ್ಟಿದೆ ತಾಯಿ' ಅಂತ ವಾಪಸ್ ಕಳಿಸಿದರು. ಆರು ತಿಂಗಳು ಫೈಲು ಅಟ್ಟದ ಮೇಲಿತ್ತು.

ಮತ್ತೆ ಕೆಳಗಿಳಿಸಿದ್ದು ಅವರ ಮನೆಕೆಲಸದಾಕೆ. ಮೂರನೇ ಕ್ಲಾಸಿನ ಮಗಳ ಪುಸ್ತಕ ತಂದು, 'ಮನೇಲಿ ದೊಡ್ಡೋರನ್ನ ಕೇಳಿ ಬರಿ ಅಂತೈತಂತೆ ಅಕ್ಕಾ. ನಾನು ಮನೇಲಿ ಇರೋದ್ಯಾವಾಗ? ನೀವೇ ಹೇಳ್ಕೊಡಿ' ಅಂದಳಂತೆ. ಅಕ್ಕನಿಗೆ ವಿಷಯ ಸಿಕ್ಕಿಬಿಟ್ಟಿತು. ಒಂದೇ ತರಗತಿ, ಒಂದೇ ಪುಸ್ತಕ, ಹದಿನಾಲ್ಕು ಅಮ್ಮಂದಿರು. ಮನೆಗೆ ಕೊಡುವ ಚಟುವಟಿಕೆಗಳು ಎಂಥ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿವೆ ಅನ್ನೋದು ಪ್ರಶ್ನೆ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಒಳ್ಳೆಯ ಮಾತೇ, ನನಗೂ ಒಪ್ಪಿಗೆ. ಆದರೆ ಜೋಡಿಸುವ ಕೆಲಸಕ್ಕೆ ಸಂಜೆ ಐದಕ್ಕೆ ಬಿಡುವಾಗಿರುವ, ಅಕ್ಷರ ಬಲ್ಲ ಅಮ್ಮ ಬೇಕಲ್ಲ! ಅಕ್ಕ ಆ ಹದಿನಾಲ್ಕು ಮನೆಗೆ ಹೋಗಿ ಮಾತಾಡಿದರು, ರೆಕಾರ್ಡ್ ಮಾಡಿದ್ದನ್ನು ರಾತ್ರಿ ಕೂತು ಬರೆದುಕೊಂಡರು. ಒಂದು ಗಂಟೆಯ ಮಾತು ಬರೆಯೋಕೆ ಮೂರು ರಾತ್ರಿ ಬೇಕಾಯಿತಂತೆ. ಯಾರ ಹೆಸರನ್ನೂ ಹಾಕಲಿಲ್ಲ. ಕೊನೆಗೆ ಬೈಂಡ್ ಆಗಿ ಬಂದ ಪ್ರಬಂಧವನ್ನು ಅತ್ತೆಯೇ ದೇವರ ಮುಂದಿಟ್ಟರು. ಕೆಲಸದಾಕೆಗೂ ತೋರಿಸಿದರೆ, 'ಇದ್ರಾಗ ನಾನೆಲ್ಲಿದೀನಿ?' ಅಂತ ಪುಟ ತಿರುವಿದಳಂತೆ.

ನಿಮಗೂ ಆಸೆ ಹುಟ್ಟಿದ್ದರೆ ಕೆಲವು ಮಾತು. ನಮ್ಮಲ್ಲಿ 'ಪಠ್ಯಕ್ರಮ ಅಧ್ಯಯನ' ಅಂತಲೇ ಹುಡುಕುತ್ತಾ ಕೂರಬೇಡಿ. ಎಂ.ಎ. ಎಜುಕೇಶನ್ ಅಥವಾ ಎಂ.ಇಡಿ. ಸೇರಿ, ಪ್ರಬಂಧಕ್ಕೆ ಈ ವಿಷಯ ಹಿಡಿಯುವುದೇ ದಾರಿ. ಎಂ.ಇಡಿ.ಗೆ ಸಾಮಾನ್ಯವಾಗಿ ಬಿ.ಇಡಿ. ಬೇಕು. ಇಗ್ನೋದ ಎಂ.ಎ.ಗೆ ಯಾವುದೇ ಪದವಿ ಸಾಕು. ಜನವರಿ, ಜುಲೈ ಎರಡು ಸರದಿಯಲ್ಲಿ ಪ್ರವೇಶ ಇರುತ್ತೆ, ಪ್ರಾದೇಶಿಕ ಕೇಂದ್ರಗಳು ಬೆಂಗಳೂರು ಮತ್ತು ವಿಜಯಪುರದಲ್ಲಿವೆ. ಪಾಠಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಮೊದಲ ತಿಂಗಳು ನಿಘಂಟು ಪಕ್ಕದಲ್ಲಿರಲಿ, ಆಮೇಲೆ ಅದೇ ಪದಗಳು ಮತ್ತೆ ಮತ್ತೆ ಬರ್ತವೆ ಕಣ್ರೀ. ದಿನವಿಡೀ ತರಗತಿಗೆ ಹೋಗುವ ಅನುಕೂಲವಿದ್ದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎರಡು ವರ್ಷದ ಎಂ.ಎ. ಇದೆ. ಪ್ರವೇಶ ಪರೀಕ್ಷೆ ಬರೆಯಬೇಕು, ಮನೆಯ ಆದಾಯ ನೋಡಿ ಶುಲ್ಕಕ್ಕೆ ನೆರವೂ ಕೊಡುತ್ತಾರೆ.

ಒಂದನ್ನು ಮೊದಲೇ ತಿಳಿದುಕೊಳ್ಳಿ. ಈ ಎಂ.ಎ.ಯಿಂದಷ್ಟೇ ಶಾಲೆಯಲ್ಲಿ ಟೀಚರ್ ಆಗಲು ಬರುವುದಿಲ್ಲ, ಅದಕ್ಕೆ ಬಿ.ಇಡಿ.ಯಂಥ ಶಿಕ್ಷಕ ತರಬೇತಿಯ ಅರ್ಹತೆ ಬೇಕು. ಎಂ.ಫಿಲ್.ಗೆ ಸೇರಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ, ಯುಜಿಸಿ ಅದನ್ನು 2022ರಲ್ಲೇ ನಿಲ್ಲಿಸಿದೆ. ಎಂ.ಎ.ಯಲ್ಲಿ ಶೇ. 55 ಅಂಕ ಬಂದರೆ ಎನ್‌ಇಟಿ ಬರೆಯಬಹುದು. ಪಠ್ಯಪುಸ್ತಕ ಪ್ರಕಾಶಕರು, ಶಿಕ್ಷಣ ಸಂಸ್ಥೆಗಳಲ್ಲೂ ಕೆಲಸ ಕೇಳಬಹುದು. ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ.

ಇನ್ನೊಂದು ಸಣ್ಣ ತೊಡಕು, ಇದು ನಮಗೆ ಹೆಂಗಸರಿಗೇ ಮೀಸಲು. ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಅಪ್ಪನ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಅರ್ಜಿ ತುಂಬುವ ಮೊದಲೇ ಅಫಿಡವಿಟ್ ಮಾಡಿಸಿಟ್ಟುಕೊಂಡರೆ ಕೊನೇ ದಿನದ ಓಡಾಟ ತಪ್ಪುತ್ತೆ. ನನ್ನದಂತೂ ಇನ್ನೂ ಆಗಿಲ್ಲ, ಅಂಕಪಟ್ಟಿಗಳೆಲ್ಲ ತವರಿನ ಟ್ರಂಕಿನಲ್ಲಿವೆ. ನಿನ್ನೆ ಅಣ್ಣನಿಗೆ ಫೋನ್ ಮಾಡಿದೆ. 'ಹದಿನೈದು ವರ್ಷ ಆದ್ಮೇಲೆ ಅದ್ಯಾಕೆ ಈಗ?' ಅಂದ. 'ಮೊದಲು ಹುಡುಕು, ಆಮೇಲೆ ಹೇಳ್ತೀನಿ' ಅಂದಿದ್ದೇನೆ.